ರೈಲು ಬರುವ ಮೊದಲೇ ಫೋಟೊ ರೆಡಿ ಇರಲಿ: ಬಳ್ಳಾರಿ, ಕೊಪ್ಪಳ, ರಾಯಚೂರಿನ ರೈಲು ಸೇತುವೆಗಳಿಗೆ ಕ್ಯಾಮೆರಾ ಹಿಡಿದು ಹೊರಟವರಿಗೆ

‘ಮುನಿರಾಬಾದ್ ಸೇತುವೆ ಮೇಲೆ ರೈಲು ಹೋಗೋ ಫೋಟೊ ಎಲ್ಲಿ ನಿಂತು ತೆಗೀಬೇಕು?’ ‘ಎಂಜಿನ್ ಲೈಟು ಮಾತ್ರ ಬೆಳ್ಳಗೆ ಬಂತು, ಉಳಿದಿದ್ದೆಲ್ಲ ಕಪ್ಪು, ಯಾಕೆ?’ ‘ಯಾವ ಸೆಟ್ಟಿಂಗ್ ಇಡಲಿ?’ ತುಂಗಭದ್ರಾ ಡ್ಯಾಮ್ ತುಂಬಿ ನದಿಗೆ ನೀರು ಬಿಟ್ಟ ಕೂಡಲೇ ಈ ಪ್ರಶ್ನೆಗಳು ಶುರುವಾಗುತ್ತವೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಸಾಲಾಗಿ ಬರೆದಿದ್ದೇನೆ.

ಹೆಚ್ಚಿನವರು ರೈಲು ಕಂಡ ಮೇಲೆ ಕ್ಯಾಮೆರಾ ಎತ್ತುತ್ತಾರೆ. ಆಗ ಯೋಚನೆ ಮಾಡಲು ಹೊತ್ತೇ ಇರುವುದಿಲ್ಲ. ಸೇತುವೆ ಎಲ್ಲಿಗೂ ಓಡಿ ಹೋಗುವುದಿಲ್ಲ ಅಲ್ವಾ? ರೈಲು ಇಲ್ಲದಾಗ ಸೇತುವೆಯ ಒಳ್ಳೆಯ ಫೋಟೊ ತೆಗೆಯಲು ಕಲಿಯಿರಿ. ನಿಲ್ಲುವ ಜಾಗ, ಬೆಳಕು, ಚೌಕಟ್ಟು, ಫೋಕಸ್ ಎಲ್ಲ ಮುಗಿದಿರಲಿ. ಆಮೇಲೆ ರೈಲು ಬಂದು ಅದರೊಳಗೆ ಸೇರಿಕೊಳ್ಳಲಿ. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ.

ಏನೇನು ಬೇಕು

ದುಬಾರಿ ಸಾಮಾನು ಬೇಕಿಲ್ಲ. ಶಟರ್ ವೇಗವನ್ನು ನಾವೇ ಇಡಬಹುದಾದ ಯಾವ ಕ್ಯಾಮೆರಾ ಆದರೂ ಸರಿ. ಶಟರ್ ವೇಗ ಎಂದರೆ ಬೆಳಕು ಒಳಗೆ ಬರಲು ಕ್ಯಾಮೆರಾ ಎಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ ಎಂಬ ಲೆಕ್ಕ. ಕ್ಯಾಮೆರಾ ಜೊತೆ ಬರುವ 18–55 ಲೆನ್ಸ್ ಸೇತುವೆಗೆ ಸಾಕು. ದೂರದಿಂದ ಎಂಜಿನ್ ಮುಖ ಬೇಕೆಂದರೆ 55–250ರಂಥ ಜೂಮ್ ಇರಲಿ. ಒಂದು ಸಣ್ಣ ಕೈಬ್ರಷ್, ಒಣ ಬಟ್ಟೆ, ಎರಡು ಲೀಟರ್ ನೀರು, ಟೋಪಿ, ಬೂಟು. ನದಿ ದಂಡೆಗೆ ಚಪ್ಪಲಿಯಲ್ಲಿ ಹೋಗಬೇಡಿ. ಜಾಲಿಮುಳ್ಳು ಮತ್ತು ಪಾಚಿ ಹಿಡಿದ ಬಂಡೆ, ಎರಡೂ ಕಾದಿರುತ್ತವೆ.

ಕೆಂಪು ಅಂಗಿ ಮಾತ್ರ ಹಾಕಬೇಡಿ. ರೈಲ್ವೆಯಲ್ಲಿ ಕೆಂಪು ಎಂದರೆ ಅಪಾಯದ ಗುರುತು. ಹಳಿ ಕಾಣುವಷ್ಟು ಹತ್ತಿರ ನಿಂತು ಕೆಂಪು ಬಟ್ಟೆ ಬೀಸುವ ತಮಾಷೆಯಂತೂ ಬೇಡವೇ ಬೇಡ.

1. ಮೊದಲು ನಿಲ್ಲಬಾರದ ಜಾಗ ಗೊತ್ತಿರಲಿ

ಹಳಿ, ಹಳಿ ಪಕ್ಕದ ಜಲ್ಲಿ, ಸೇತುವೆ ಮೇಲಿನ ಕಾಲುದಾರಿ, ಸೇತುವೆಗೆ ಹತ್ತುವ ಮಣ್ಣಿನ ಏರಿ, ಇವು ಯಾವುವೂ ನಮ್ಮ ಜಾಗವಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ರೈಲ್ವೆ ಜಾಗಕ್ಕೆ ನುಗ್ಗುವುದು ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ನನಗೆ ದಂಡಕ್ಕಿಂತ ಜೀವದ ಚಿಂತೆ ಜಾಸ್ತಿ.

ಒಂದು ಲೆಕ್ಕ ನೋಡಿ. ಗಂಟೆಗೆ 90 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ 25 ಮೀಟರ್ ಬರುತ್ತದೆ. ಸೇತುವೆ ನಡುವೆ ನಿಂತವರು 150 ಮೀಟರ್ ದೂರದಲ್ಲಿ ರೈಲು ನೋಡಿದರೆ ಕೈಯಲ್ಲಿರುವುದು ಆರೇ ಸೆಕೆಂಡು. ಹಳಿ ಕೆಳಗಿನ ಅಡ್ಡತೊಲೆಗಳ (ಸ್ಲೀಪರ್) ಮೇಲೆ ಕಾಲಿಟ್ಟು ಆರು ಸೆಕೆಂಡಿನಲ್ಲಿ ಎಷ್ಟು ದೂರ ಓಡಬಹುದು, ನೀವೇ ಹೇಳಿ. ಲೋಕೊ ಪೈಲಟ್, ಅಂದರೆ ರೈಲು ಓಡಿಸುವವರು, ಬ್ರೇಕ್ ಹಾಕಿದರೂ ಅಷ್ಟರೊಳಗೆ ರೈಲು ನಿಲ್ಲುವುದಿಲ್ಲ.

‘ಸದ್ದು ಕೇಳಿಸುತ್ತದೆ ಬಿಡಿ’ ಎನ್ನುವವರಿದ್ದಾರೆ. ಅದು ಡೀಸೆಲ್ ಎಂಜಿನ್ ಕಾಲದ ಮಾತು. ಈಗ ನಮ್ಮ ಮುಖ್ಯ ಮಾರ್ಗಗಳಲ್ಲಿ ಓಡುವುದು ಕರೆಂಟಿನ ಎಂಜಿನ್. ಎದುರುಗಾಳಿ ಇದ್ದರೆ, ಕೆಳಗೆ ನೀರು ಭೋರ್ಗರೆಯುತ್ತಿದ್ದರೆ, ತೀರ ಹತ್ತಿರ ಬರುವವರೆಗೆ ಸದ್ದೇ ಗೊತ್ತಾಗುವುದಿಲ್ಲ.

ಮೇಲಿನ ತಂತಿಯ ಬಗ್ಗೆಯೂ ಹೇಳಲೇಬೇಕು. ಅದರಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೆ ಕರೆಂಟು ಗಾಳಿಯಲ್ಲೇ ಹಾರಿ ಹೊಡೆಯುತ್ತದೆ. ರಸ್ತೆ ಮೇಲ್ಸೇತುವೆಯಿಂದ ಕೆಳಗೆ ಸೆಲ್ಫಿ ಕೋಲು ಚಾಚುವುದು, ನಿಂತ ಗೂಡ್ಸ್ ಡಬ್ಬಿ ಹತ್ತುವುದು ಸಾವಿಗೆ ಕೈಚಾಚಿದಂತೆ.

ಹಾಗಾದರೆ ಎಲ್ಲಿ ನಿಲ್ಲಬೇಕು? ನದಿ ದಂಡೆ, ಸಾರ್ವಜನಿಕ ರಸ್ತೆ, ಮುಚ್ಚಿದ ರೈಲ್ವೆ ಗೇಟಿನ ಹೊರಗೆ, ಊರಿನ ಗುಡ್ಡ, ರೈತರನ್ನು ಕೇಳಿ ಅವರ ಹೊಲದ ಬದು. ಸ್ಟೇಷನ್ನಿನಲ್ಲಾದರೆ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಹಳದಿ ಗೆರೆಯ ಹಿಂದೆ. ಅಲ್ಲಿಯೂ ಸ್ಟೇಷನ್ ಮಾಸ್ಟರಿಗೆ ಒಂದು ಮಾತು ಹೇಳಿ ಕ್ಯಾಮೆರಾ ತೆಗೆಯಿರಿ. ಸಿನಿಮಾ, ಜಾಹೀರಾತು, ಮದುವೆ ಫೋಟೊ ಶೂಟಿಗೆ ಬೇರೆಯೇ ಅನುಮತಿ ಬೇಕು. ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಸಿಬ್ಬಂದಿ ಬೇಡ ಎಂದರೆ ವಾದ ಮಾಡದೆ ಕ್ಯಾಮೆರಾ ಒಳಗಿಡಿ.

ಡ್ರೋನ್ ಬಗ್ಗೆ ಕೇಳುವವರಿಗೆ: ಮುನಿರಾಬಾದ್ ಬಳಿ ಡ್ಯಾಮ್ ಇದೆ, ಕೃಷ್ಣಾ ಸೇತುವೆ ಕಡೆ ಶಕ್ತಿನಗರದ ವಿದ್ಯುತ್ ಸ್ಥಾವರ ಇದೆ, ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣವೇ ಇದೆ. ಡ್ರೋನನ್ನು ಮನೆಯಲ್ಲೇ ಬಿಟ್ಟು ಬನ್ನಿ.

2. ಸೇತುವೆ ಆರಿಸಿಕೊಳ್ಳಿ

*ಮುನಿರಾಬಾದ್–ಹೊಸಪೇಟೆ ನಡುವಿನ ತುಂಗಭದ್ರಾ ಸೇತುವೆ.* ಹುಬ್ಬಳ್ಳಿ–ಗುಂತಕಲ್ ಮಾರ್ಗದ್ದು. ಈ ದಾರಿಯನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಮೀಟರ್‌ಗೇಜ್ (ಕಿರಿದಾದ ಹಳಿ) ಆಗಿ ಹಾಕಿತ್ತು. 1990ರ ದಶಕದಲ್ಲಿ ಬ್ರಾಡ್‌ಗೇಜ್ (ಈಗಿನ ಅಗಲ ಹಳಿ) ಆಯಿತು. ಹಂಪಿ ಎಕ್ಸ್‌ಪ್ರೆಸ್, ಅಮರಾವತಿ, ಹರಿಪ್ರಿಯಾ ಇಲ್ಲೇ ಹೊಳೆ ದಾಟುತ್ತವೆ. ನಡುನಡುವೆ ಕಲ್ಲಿದ್ದಲು ಮತ್ತು ಅದಿರಿನ ಗೂಡ್ಸ್ ಗಾಡಿಗಳು. ಸೇತುವೆ ಡ್ಯಾಮಿನ ಕೆಳಗಿದೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣ ನೀರಿನ ಎಳೆ, ಗೇಟು ತೆಗೆದಾಗ ದಂಡೆ ತುಂಬ ನೊರೆ. ಒಂದೇ ಸೇತುವೆಗೆ ಎರಡು ಮುಖ.

ಇಲ್ಲಿನ ದೊಡ್ಡ ಅಪಾಯ ರೈಲಲ್ಲ, ನೀರು. ಒಣ ಬಂಡೆಯೆಂದು ನಡುಹೊಳೆಗೆ ಹೋಗಿ ಕೂತರೆ, ಮೇಲಿಂದ ನೀರು ಬಿಟ್ಟಾಗ ಸುತ್ತ ಹೊಳೆ ಏರಿ ಬಂಡೆ ನಡುಗಡ್ಡೆ ಆಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಆಗ ಉಳಿದ ಗೇಟುಗಳನ್ನೂ ತೆಗೆದು ನೀರು ಬಿಡಬೇಕಾಯಿತು. ಆ ಹೊತ್ತಿನಲ್ಲಿ ಹೊಳೆಯೊಳಗೆ ಕೂತವರ ಗತಿ ನೆನೆಸಿಕೊಳ್ಳಿ. ಒಳಹರಿವು, ಹೊರಹರಿವಿನ ಸುದ್ದಿ ನೋಡಿಯೇ ಮನೆ ಬಿಡಿ. ಸೈರನ್ ಕೇಳಿದರೆ ಚೌಕಟ್ಟು ಎಷ್ಟೇ ಚೆನ್ನಾಗಿರಲಿ, ಎದ್ದು ಮೇಲೆ ಬನ್ನಿ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಹೊಳೆ ನೀರುನಾಯಿಗಳ ಸಂರಕ್ಷಿತ ಪ್ರದೇಶವೂ ಹೌದು. ಬಂಡೆ ಸಂದಿಗಳಲ್ಲಿ ಅವು ಮರಿ ಇಟ್ಟುಕೊಂಡಿರುತ್ತವೆ. ಗದ್ದಲ ಮಾಡಬೇಡಿ, ಪ್ಲಾಸ್ಟಿಕ್ ಬಿಡಬೇಡಿ.

*ರಾಯಚೂರಿನ ಉತ್ತರಕ್ಕೆ ಕೃಷ್ಣಾ ಸೇತುವೆ.* ಮುಂಬೈ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ, ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ, ಎರಡೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಮುಂಬೈ–ಚೆನ್ನೈ ನಡುವಿನ ಆ ರೈಲು ಮಾರ್ಗ ಕೃಷ್ಣೆಯನ್ನು ದಾಟುವುದು ಇಲ್ಲಿ. ಹೊಳೆಯ ಆಚೆ ದಡ ತೆಲಂಗಾಣ, ಅಲ್ಲಿಯ ಮೊದಲ ಸ್ಟೇಷನ್ನಿನ ಹೆಸರೂ ಕೃಷ್ಣಾ. ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್, 2024ರ ಮಾರ್ಚಿನಲ್ಲಿ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್, ಜೊತೆಗೆ ಶಕ್ತಿನಗರದ ಸ್ಥಾವರಕ್ಕೆ ಕಲ್ಲಿದ್ದಲು ತರುವ ಗಾಡಿಗಳು. ರೈಲು ಸಾಲುಸಾಲಾಗಿ ಬೇಕು ಎನ್ನುವವರಿಗೆ ಮೂರು ಜಿಲ್ಲೆಗಳಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಕೃಷ್ಣೆಯಲ್ಲಿ ಮೊಸಳೆ ಇವೆ. ನೀರಿನ ಅಂಚಿಗೆ ಹೋಗಿ ಮೊಣಕಾಲೂರಿ ಕೂರಬೇಡಿ. ಮೊದಲು ದಂಡೆಯ ಊರಿನವರನ್ನು, ಮೀನು ಹಿಡಿಯುವವರನ್ನು ಕೇಳಿ. ಮೊಸಳೆ ಎಲ್ಲಿ ಬಿಸಿಲು ಕಾಯುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

*ರಾಯಚೂರು–ಮಂತ್ರಾಲಯ ರೋಡ್ ನಡುವಿನ ತುಂಗಭದ್ರಾ ಸೇತುವೆ.* ಅದೇ ಮಾರ್ಗ, ಅವೇ ರೈಲುಗಳು.

*ಬಳ್ಳಾರಿ ಪೂರ್ವಕ್ಕೆ ಹಗರಿ ಸೇತುವೆ.* ವೇದಾವತಿಯನ್ನು ನಾವು ಹಗರಿ ಎನ್ನುತ್ತೇವೆ. ವರ್ಷದ ಬಹುಕಾಲ ಮರಳೇ ಮರಳು. ಹೊಸಬರು ಕಲಿಯಲು ಇದು ಒಳ್ಳೆಯ ಜಾಗ. ಕೆಳಗಿನಿಂದ ಕಂಬಗಳ ಪೂರ್ತಿ ಎತ್ತರ ಸಿಗುತ್ತದೆ. ಮರಳು ತೆಗೆದ ಗುಂಡಿಗಳಿರುತ್ತವೆ, ಕ್ಯಾಮೆರಾ ನೋಡುತ್ತ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ.

ಸೇತುವೆಯೇ ಬೇಕೆಂದಿಲ್ಲ ಎನ್ನುವವರು ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ಮೇಲೆ ಸಿಂಧನೂರಿಗೆ ಹೋಗುವ ಹೊಸ ದಾರಿ ನೋಡಿ. ಇಲ್ಲಿ ರೈಲು ಕಡಿಮೆ. ಆದರೆ ಭತ್ತದ ನಾಟಿ ಹೊತ್ತಿನಲ್ಲಿ, ಗದ್ದೆಯಲ್ಲಿ ನೀರು ನಿಲ್ಲಿಸಿ ಸಸಿ ಇನ್ನೂ ಬೆರಳುದ್ದ ಇರುವಾಗ, ಗಾಳಿ ಇಲ್ಲದ ಬೆಳಿಗ್ಗೆ ಇಡೀ ರೈಲು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಸಸಿ ಎತ್ತರ ಆದರೆ ನೀರು ಮುಚ್ಚಿಹೋಗುತ್ತದೆ, ಆ ಚಿತ್ರ ಇನ್ನೊಂದು ನಾಟಿವರೆಗೆ ಸಿಗುವುದಿಲ್ಲ. ‘ಅಣ್ಣಾರ, ಬದುವಿನ ಮ್ಯಾಲೆ ನಿಂತು ಒಂದು ಫೋಟೊ ತಗೀಲೇನ್ರಿ?’ ಎಂದು ಕೇಳಿ. ‘ತಗೀರಿ, ಸಸಿ ತುಳೀಬ್ಯಾಡ್ರಿ’ ಎನ್ನುತ್ತಾರೆ, ಅಷ್ಟೇ.

3. ಸೂರ್ಯ ಯಾವ ಕಡೆ ಇರುತ್ತಾನೆ?

ಎಂಜಿನ್ ಲೈಟು ಮಾತ್ರ ಬೆಳ್ಳಗೆ, ಉಳಿದದ್ದೆಲ್ಲ ಕಪ್ಪು ಎಂಬ ದೂರಿಗೆ ಉತ್ತರ ಇಲ್ಲಿದೆ. ಸೂರ್ಯ ರೈಲಿನ ಹಿಂದೆ ಇದ್ದ, ನೀವು ನೆರಳಿನ ಕಡೆ ನಿಂತಿದ್ದಿರಿ. ಸೂರ್ಯ ನಿಮ್ಮ ಬೆನ್ನ ಹಿಂದೆ, ಸ್ವಲ್ಪ ಪಕ್ಕಕ್ಕೆ ಇರಬೇಕು. ಆಗ ಡಬ್ಬಿಗಳ ಮೇಲೆಯೂ ಬೆಳಕು ಬೀಳುತ್ತದೆ, ಸೇತುವೆಯ ತೊಲೆಗಳ ಉಬ್ಬುತಗ್ಗೂ ಕಾಣುತ್ತದೆ.

ವಾಡಿ–ರಾಯಚೂರು–ಗುಂತಕಲ್ ದಾರಿ ಸುಮಾರಾಗಿ ಉತ್ತರ–ದಕ್ಷಿಣ. ಲೆಕ್ಕ ಸುಲಭ: ಬೆಳಿಗ್ಗೆ ಪೂರ್ವದ ಕಡೆ ನಿಲ್ಲಿ, ಸಂಜೆ ಪಶ್ಚಿಮದ ಕಡೆ.

ಹುಬ್ಬಳ್ಳಿ–ಗುಂತಕಲ್ ದಾರಿ ಒಟ್ಟಾರೆ ಪೂರ್ವ–ಪಶ್ಚಿಮ. ಇಲ್ಲಿ ಋತು ನೋಡಬೇಕು. ಡಿಸೆಂಬರಿನಲ್ಲಿ ಸೂರ್ಯ ಇಡೀ ದಿನ ದಕ್ಷಿಣಕ್ಕೆ ವಾಲಿರುತ್ತಾನೆ. ಹಳಿಯ ದಕ್ಷಿಣಕ್ಕೆ ನಿಂತರೆ ಬೆಳಿಗ್ಗೆಯಿಂದ ಸಂಜೆವರೆಗೆ ಬೆಳಕು ಸಿಗುತ್ತದೆ. ಜೂನಿನಲ್ಲಿ ಇದು ತಿರುಗುಮುರುಗು. ಆಗ ಸೂರ್ಯ ಹುಟ್ಟುವುದು ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಮ್ಮಲ್ಲಿ ನಡು ಮಧ್ಯಾಹ್ನದ ಸೂರ್ಯನೂ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ದಿಲ್ಲಿಯವರು ಬರೆದ ಸಲಹೆ ಓದಿ ‘ದಕ್ಷಿಣಕ್ಕೆ ನಿಂತರೆ ಸಾಕು’ ಎಂದುಕೊಂಡವರು ಮಳೆಗಾಲದಲ್ಲಿ ಮೋಸ ಹೋಗುವುದು ಇಲ್ಲೇ. ದಾರಿ ಒಟ್ಟಾರೆ ಪೂರ್ವ–ಪಶ್ಚಿಮ ಇದ್ದರೂ ಸೇತುವೆ ಹತ್ತಿರ ಓರೆಯಾಗಿ ತಿರುಗಿರಬಹುದು. ಮೊಬೈಲಿನ ದಿಕ್ಸೂಚಿ ಹಿಡಿದು ಒಮ್ಮೆ ನೋಡಿಬಿಡಿ.

ಹೊತ್ತು: ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮೊದಲಿನ ಎರಡು ಗಂಟೆ. ಬೇಸಿಗೆಯಲ್ಲಿ ಹತ್ತು ಗಂಟೆ ಆದ ಮೇಲೆ ಉದ್ದ ಜೂಮ್ ಹಾಕಿ ಪ್ರಯೋಜನ ಇಲ್ಲ. ಕಾದ ಜಲ್ಲಿಯಿಂದ ಮೇಲೇಳುವ ಬಿಸಿಗಾಳಿಗೆ ಎಂಜಿನ್ ಮುಖ ನೀರಿನೊಳಗಿನ ಚಿತ್ರದ ಹಾಗೆ ಅಲುಗಾಡುತ್ತದೆ. ಅದನ್ನು ಫೋಕಸ್ ತಪ್ಪು ಎಂದುಕೊಂಡು ಲೆನ್ಸ್ ರಿಪೇರಿಗೆ ಕೊಟ್ಟವರನ್ನು ನೋಡಿದ್ದೇನೆ. ಲೆನ್ಸ್ ಕೆಟ್ಟಿರುವುದಿಲ್ಲ, ರಾಯಚೂರಿನ ಬಿಸಿಲು ಅದು.

4. ರೈಲು ಯಾವಾಗ ಬರುತ್ತದೆ?

ಪ್ಯಾಸೆಂಜರ್, ಎಕ್ಸ್‌ಪ್ರೆಸ್ ಗಾಡಿಗಳಿಗೆ ಗಾಡಿ ಈಗ ಎಲ್ಲಿದೆ ಎಂದು ಹೇಳುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್ ಅಥವಾ 139 ನಂಬರ್ ಇದೆ. ಹಿಂದಿನ ಸ್ಟೇಷನ್ ಬಿಟ್ಟಿತೇ ನೋಡಿ, ಅಲ್ಲಿಂದ ನಿಮಿಷ ಲೆಕ್ಕ ಹಾಕಿ. ವೇಳಾಪಟ್ಟಿಗಿಂತ ಹತ್ತು ನಿಮಿಷ ಮೊದಲೇ ಸಜ್ಜಾಗಿ ಕೂರಿ. ಮುಂದಿನ ಸ್ಟೇಷನ್ನಿನಲ್ಲಿ ಹೆಚ್ಚು ಹೊತ್ತು ನಿಲ್ಲುವ ಗಾಡಿ ನಿಮ್ಮ ಸೇತುವೆಗೆ ಬೇಗ ಬಂದುಬಿಡಬಹುದು.

ಗೂಡ್ಸ್ ಗಾಡಿ ಯಾವ ಆ್ಯಪಿನಲ್ಲೂ ಕಾಣುವುದಿಲ್ಲ. ಅದಕ್ಕೆ ರೈಲ್ವೆ ಗೇಟೇ ದಿಕ್ಕು. ಗೇಟು ಬಿತ್ತೆಂದರೆ ಯಾವುದೋ ಗಾಡಿ ಹೊರಟಿದೆ. ಕೆಂಪು ಇದ್ದ ಸಿಗ್ನಲ್ ಹಳದಿಗೋ ಹಸಿರಿಗೋ ತಿರುಗಿದರೆ ಆ ಕಡೆಗೆ ಹೋಗುವ ಗಾಡಿಗೆ ದಾರಿ ಕೊಟ್ಟಿದ್ದಾರೆ ಎಂದರ್ಥ. ಹಳಿ ಪಕ್ಕ ‘ಡಬ್ಲ್ಯು/ಎಲ್’ ಎಂದು ಬರೆದ ಹಳದಿ ಫಲಕ ನೋಡಿರುತ್ತೀರಿ. ಗೇಟು ಬರುತ್ತಿದೆ, ಹಾರ್ನ್ ಹೊಡೆ ಎಂದು ಲೋಕೊ ಪೈಲಟ್‌ಗೆ ಹೇಳುವ ಫಲಕ ಅದು. ಗೇಟಿಗೆ 600 ಮೀಟರ್ ಮೊದಲು ಇರುತ್ತದೆ. ನೀವು ಗೇಟಿನ ಹೊರಗೆ ನಿಂತಿದ್ದು, ಹಾರ್ನ್ ಶುರುವಾಯಿತು ಎನ್ನಿ. 90 ಕಿ.ಮೀ. ವೇಗದ ಗಾಡಿ ಇನ್ನು 24 ಸೆಕೆಂಡಿಗೆ ನಿಮ್ಮ ಮುಂದಿರುತ್ತದೆ. ಕ್ಯಾಮೆರಾ ಕಣ್ಣಿಗೆ ಹಿಡಿದು ಉಸಿರು ಸರಿ ಮಾಡಿಕೊಳ್ಳಲು ಅಷ್ಟು ಸಾಕು.

ಗೇಟ್‌ಮನ್ ಹತ್ತಿರ ಹೋಗಿ ಮಾತಿಗೆ ಎಳೆಯಬೇಡಿ. ಗೇಟು ಬಿದ್ದಾಗ ಅವರ ಕಿವಿ ಫೋನಿನ ಮೇಲೆ ಇರಬೇಕು.

5. ಚೌಕಟ್ಟು ಮೊದಲೇ ಕಟ್ಟಿ

ರೈಲು ಇಲ್ಲದ ಖಾಲಿ ಸೇತುವೆಯನ್ನು ಹತ್ತು ಸಲ ತೆಗೆಯಿರಿ. ಎಡಕ್ಕೆ ಸರಿದು, ಬಲಕ್ಕೆ ಸರಿದು, ಕೂತು, ನಿಂತು. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿ. ಖಾಲಿ ಸೇತುವೆಯೇ ಚೆನ್ನಾಗಿ ಕಾಣದಿದ್ದರೆ ರೈಲು ಬಂದು ಅದನ್ನು ಸರಿ ಮಾಡುವುದಿಲ್ಲ.

ಗರ್ಡರ್ ಎಂದರೆ ಒಂದು ಕಂಬದಿಂದ ಇನ್ನೊಂದಕ್ಕೆ ಹಾಸಿದ ಉಕ್ಕಿನ ಅಥವಾ ಕಾಂಕ್ರೀಟಿನ ತೊಲೆ. ಹಳಿ ಗರ್ಡರಿನ ಮೇಲೆ ಇದ್ದರೆ ರೈಲು ಪೂರ್ತಿ ಕಾಣುತ್ತದೆ, ಪಕ್ಕದಿಂದ ತೆಗೆಯಿರಿ. ಕೆಲವು ಉಕ್ಕಿನ ಸೇತುವೆಗಳಲ್ಲಿ ಹಳಿ ಜಾಲರಿಯ ಒಳಗೆ ಹಾಯುತ್ತದೆ. ಅಂಥದ್ದನ್ನು ನೇರ ಪಕ್ಕದಿಂದ ತೆಗೆದರೆ ರೈಲು ಕಂಬಿಗಳ ಹಿಂದೆ ತುಂಡು ತುಂಡಾಗುತ್ತದೆ. ಅದಕ್ಕೆ ಓರೆಯಾಗಿ ನಿಂತು, ಎಂಜಿನ್ ಜಾಲರಿಯಿಂದ ಹೊರಗೆ ಮೂತಿ ಹಾಕುವ ಜಾಗಕ್ಕೆ ಕಾಯಬೇಕು. ಎರಡು ದಾರಿಗೆ ಎರಡು ಸೇತುವೆ ಅಕ್ಕಪಕ್ಕ ಇದ್ದರೆ ನಿಮ್ಮ ಹತ್ತಿರದ್ದು ಯಾವ ದಿಕ್ಕಿನ ಗಾಡಿಗೆ ಎಂದು ಮೊದಲೇ ನೋಡಿಕೊಳ್ಳಿ. ಒಮ್ಮೆ ಅಮರಾವತಿಗಾಗಿ ಒಂದೂವರೆ ತಾಸು ಕಾದಿದ್ದೆ. ಅದು ದೂರದ ಹಳಿಯಲ್ಲಿ ಬಂತು, ಅದೇ ಗಳಿಗೆಗೆ ಹತ್ತಿರದ ಹಳಿಯಲ್ಲಿ ಗೂಡ್ಸ್ ಬಂದು ಪೂರ್ತಿ ಮುಚ್ಚಿತು. ಎರಡನೇ ಜಾಗವನ್ನು ಯೋಚಿಸಿ ಇಟ್ಟುಕೊಂಡಿರಲಿಲ್ಲ. ಈಗ ಯಾವಾಗಲೂ ಇಟ್ಟುಕೊಳ್ಳುತ್ತೇನೆ: ಎರಡೂ ಗಾಡಿ ಒಟ್ಟಿಗೆ ಬಂದರೆ ಸೇತುವೆಯ ತುದಿಯಿಂದ ಎರಡರ ಮುಖವೂ ಸಿಗುವ ಹಾಗೆ.

ಇಡೀ ರೈಲು ಸೇತುವೆ ಮೇಲೆ ಬೇಕು ಎನ್ನುವವರು ಉದ್ದ ತಿಳಿದಿರಬೇಕು. ಎಲ್‌ಎಚ್‌ಬಿ ಡಬ್ಬಿ, ಅಂದರೆ ಈಗಿನ ಎಕ್ಸ್‌ಪ್ರೆಸ್ ಗಾಡಿಗಳ ಹೊಸ ಮಾದರಿ ಡಬ್ಬಿ, ಒಂದೊಂದು ಸುಮಾರು 24 ಮೀಟರ್. 22 ಡಬ್ಬಿ ಮತ್ತು ಎಂಜಿನ್ ಸೇರಿದರೆ ಅರ್ಧ ಕಿಲೋಮೀಟರಿಗೂ ಜಾಸ್ತಿ. ಅದಿರು, ಕಲ್ಲಿದ್ದಲು ತುಂಬುವ ತೆರೆದ ಡಬ್ಬಿ 10.7 ಮೀಟರ್, ಒಂದು ಗಾಡಿಗೆ ಸಾಮಾನ್ಯವಾಗಿ 58. ಅದೂ 600 ಮೀಟರ್ ದಾಟುತ್ತದೆ. ಇಡೀ ಗಾಡಿ ಚೌಕಟ್ಟಿನಲ್ಲಿ ಸೇರಿಸಲು ಹೊರಟರೆ ರೈಲು ದಾರದಷ್ಟು ತೆಳ್ಳಗಾಗುತ್ತದೆ. ನನ್ನ ಮಟ್ಟಿಗೆ ಎಂಜಿನ್, ಹಿಂದೆ ಐದಾರು ಡಬ್ಬಿ, ಕೆಳಗೆ ಮೂರು ಕಂಬ, ಇಷ್ಟಿದ್ದರೆ ಸೇತುವೆಯ ಭಾರವೂ ಕಾಣುತ್ತದೆ, ರೈಲಿನ ಓಟವೂ ಕಾಣುತ್ತದೆ. ರೈಲು ಹೋಗುವ ಕಡೆ ಚೌಕಟ್ಟಿನಲ್ಲಿ ಜಾಗ ಬಿಡಿ.

ಕರೆಂಟು ಕಂಬ ಎಂಜಿನ್ ಮುಖಕ್ಕೆ ಅಡ್ಡ ಬರುವುದು ದೊಡ್ಡ ತಲೆನೋವು. ಕಂಬಗಳ ನಡುವೆ ಸುಮಾರು 50–60 ಮೀಟರ್ ಇರುತ್ತದೆ. ಎಂಜಿನ್ ಎರಡು ಕಂಬಗಳ ಸರಿ ನಡುವೆ ಬರುವ ಜಾಗವನ್ನು ಗರ್ಡರಿನ ಮೇಲೆ ಒಂದು ಗುರುತು ನೋಡಿ ನೆನಪಿಡಿ. ತುಕ್ಕಿನ ಕಲೆಯೋ, ಬಣ್ಣದಲ್ಲಿ ಬರೆದ ನಂಬರೋ, ಏನಾದರೂ ಸಿಗುತ್ತದೆ. ಗಾಡಿ ಬಂದಾಗ ಆ ಗುರುತನ್ನೇ ನೋಡಿ.

6. ಕ್ಯಾಮೆರಾ ಸೆಟ್ಟಿಂಗ್

ಒಂದು ಅಂಕಿ ಹೇಳಿ ಮುಗಿಸಿದರೆ ನಿಮಗೆ ಉಪಯೋಗ ಆಗುವುದಿಲ್ಲ. ಯಾಕೆ ಎಂದು ಒಮ್ಮೆ ತಿಳಿದರೆ ಯಾವ ಸೇತುವೆಗಾದರೂ ನೀವೇ ಲೆಕ್ಕ ಹಾಕಬಹುದು.

90 ಕಿ.ಮೀ. ವೇಗದ ಗಾಡಿ 1/1000 ಸೆಕೆಂಡಿನಲ್ಲಿ ಎರಡೂವರೆ ಸೆಂ.ಮೀ. ಜರುಗುತ್ತದೆ. 1/250ರಲ್ಲಿ 10 ಸೆಂ.ಮೀ. ಈಗ ನಿಮ್ಮ ಚೌಕಟ್ಟಿನ ಅಗಲದಲ್ಲಿ 100 ಮೀಟರ್ ಸೇತುವೆ ಇದೆ, ನಿಮ್ಮದು 24 ಮೆಗಾಪಿಕ್ಸೆಲ್ ಕ್ಯಾಮೆರಾ ಎನ್ನಿ. ಅದರ ಅಗಲದಲ್ಲಿ 6000 ಚುಕ್ಕಿ. ಒಂದು ಚುಕ್ಕಿಗೆ ಸುಮಾರು 1.7 ಸೆಂ.ಮೀ. ಅಂದರೆ 1/1000 ಇಟ್ಟರೆ ಗಾಡಿ ಒಂದೂವರೆ ಚುಕ್ಕಿ ಜರುಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. 1/250 ಇಟ್ಟರೆ ಆರು ಚುಕ್ಕಿ, ಡಬ್ಬಿ ಮೇಲಿನ ಅಕ್ಷರ ಕಲಸಿಹೋಗುತ್ತದೆ. ಅದೇ ನೀವು ದೂರ ಹೋಗಿ 300 ಮೀಟರ್ ಸೇತುವೆ ಸೇರಿಸಿದರೆ ಒಂದು ಚುಕ್ಕಿಗೆ 5 ಸೆಂ.ಮೀ. ಆಗ 1/500 ಸಾಕು. ಹತ್ತಿರ, ಪಕ್ಕದಿಂದ, ವೇಗದ ಗಾಡಿ ಎಂದರೆ 1/1000 ಅಥವಾ ಮೇಲೆ. ನಿಧಾನದ ಗೂಡ್ಸ್‌ಗೆ 1/500. ನೇರ ಎದುರಿನಿಂದ ಬರುವ ಗಾಡಿಗೂ 1/500 ನಡೆಯುತ್ತದೆ.

ಕ್ಯಾಮೆರಾವನ್ನು ಶಟರ್ ವೇಗ ನಾವಿಡುವ ಮೋಡ್‌ಗೆ ತನ್ನಿ, ಅಥವಾ ಪೂರ್ತಿ ಮ್ಯಾನುಯಲ್. ಬೆಳಗಿನ ಬಿಸಿಲಿಗೆ 1/1000, ಎಫ್ 5.6, ಐಎಸ್‌ಒ 200ರಿಂದ 400. ಎಫ್ ಎಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂಬ ಅಳತೆ, ಅಂಕಿ ಸಣ್ಣದಾದಷ್ಟು ಕಿಂಡಿ ದೊಡ್ಡದು. ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾ ತೋರುವ ಚುರುಕು, ಜಾಸ್ತಿ ಮಾಡಿದರೆ ಚಿತ್ರದಲ್ಲಿ ಕಾಳು ಕಾಳು ಬರುತ್ತದೆ. ಮೋಡ ಇದ್ದರೆ ಐಎಸ್‌ಒ ಏರಿಸಿ, ಶಟರ್ ವೇಗ ಇಳಿಸಬೇಡಿ. ಕಾಳು ಬಂದ ಫೋಟೊ ನೋಡಬಹುದು, ಅಲುಗಿದ ಫೋಟೊ ನೋಡಲಾಗುವುದಿಲ್ಲ.

ಬೆಳಕಿನ ಅಳತೆಯನ್ನು ಗಾಡಿ ಬರುವ ಮೊದಲೇ, ಬಿಸಿಲು ಬಿದ್ದ ಗರ್ಡರ್ ಮೇಲೆ ಮಾಡಿ, ಬದಲಾಗದ ಹಾಗೆ ಬೀಗ ಹಾಕಿಡಿ (ಲಾಕ್). ಆಟೊದಲ್ಲಿ ಬಿಟ್ಟರೆ ಎಂಜಿನ್ ಹೆಡ್‌ಲೈಟ್ ಕಂಡ ಕೂಡಲೇ ಕ್ಯಾಮೆರಾ ಹೆದರಿ ಇಡೀ ಚಿತ್ರ ಕಪ್ಪು ಮಾಡುತ್ತದೆ. ಡ್ಯಾಮಿನ ನೀರಿನ ಬಿಳಿ ನೊರೆ ಚೌಕಟ್ಟಿನಲ್ಲಿ ಜಾಸ್ತಿ ಇದ್ದರೂ ಇದೇ ಕಥೆ. ನೊರೆಯ ಬಿಳುಪು ಪೂರ್ತಿ ಸುಟ್ಟುಹೋಗದ ಹಾಗೆ ನೋಡಿಕೊಳ್ಳಿ. ಕ್ಯಾಮೆರಾದಲ್ಲಿ ‘ರಾ’ ಎಂಬ ಆಯ್ಕೆ ಇದ್ದರೆ ಅದರಲ್ಲೇ ತೆಗೆಯಿರಿ. ಅದು ಕ್ಯಾಮೆರಾ ತಿದ್ದದೆ ಕೊಡುವ ಹಸಿ ಫೈಲು, ಕಪ್ಪು–ಬಿಳುಪನ್ನು ಆಮೇಲೆ ಸರಿಮಾಡಲು ಹೆಚ್ಚು ಅವಕಾಶ ಇರುತ್ತದೆ.

ಫೋಕಸ್ ಕೂಡ ಮೊದಲೇ. ನೀವು ಗುರುತಿಟ್ಟ ಗರ್ಡರ್ ಮೇಲೆ ಫೋಕಸ್ ಮಾಡಿ, ಆಮೇಲೆ ಮ್ಯಾನುಯಲ್‌ಗೆ ತಿರುಗಿಸಿ. ರಿಂಗು ಮುಟ್ಟಬೇಡಿ.

ಇನ್ನೊಂದು ಬಗೆಯದು ಪ್ಯಾನಿಂಗ್. ಗಾಡಿಯ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದು. ಗಾಡಿ ಸ್ಪಷ್ಟ, ಹಿಂದಿನದ್ದೆಲ್ಲ ಗೀರು ಗೀರು. 1/30ರಿಂದ 1/60 ಇಟ್ಟು, ಕಾಲು ಅಲುಗಿಸದೆ ಸೊಂಟದಿಂದ ತಿರುಗಿ. ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಹತ್ತರಲ್ಲಿ ಒಂದು ಚೆನ್ನಾಗಿ ಬಂದರೆ ಖುಷಿಪಡಿ. ಆದರೆ ಸೇತುವೆಗೆ ಇದು ಹೊಂದುವುದಿಲ್ಲ, ಸೇತುವೆಯೇ ಕರಗಿಹೋಗುತ್ತದೆ. ಗದ್ದೆ, ಹೊಲದ ಕಡೆಗೆ ಇಟ್ಟುಕೊಳ್ಳಿ.

ಫ್ಲಾಶ್ ಕಡ್ಡಾಯವಾಗಿ ಆಫ್. ಕತ್ತಲಲ್ಲಿ ಲೋಕೊ ಪೈಲಟ್ ಕಣ್ಣಿಗೆ ಒಂದು ಬೆಳಕು ಹೊಡೆದರೆ ಅವರು ಸಿಗ್ನಲ್ ನೋಡುವುದು ಹೇಗೆ?

7. ಗಾಡಿ ಬಂದಾಗ

ಈಗ ಮಾಡುವುದು ಕಡಿಮೆ. ಒಂದೇ ಸಮ ಹತ್ತಾರು ಫೋಟೊ ತೆಗೆಯುವ ಆಯ್ಕೆ ಇಟ್ಟುಕೊಳ್ಳಿ, ಆದರೆ ಗಾಡಿ ಕಂಡ ಕೂಡಲೇ ಗುಂಡಿ ಒತ್ತಿ ಹಿಡಿಯಬೇಡಿ. ಅಗ್ಗದ ಮೆಮೊರಿ ಕಾರ್ಡಿಗೆ ಫೋಟೊಗಳನ್ನು ಅಷ್ಟು ಬೇಗ ಬರೆಯಲಾಗದೆ ಕ್ಯಾಮೆರಾ ನಡುವೆ ಉಸಿರುಗಟ್ಟಿ ನಿಲ್ಲುತ್ತದೆ, ಅಷ್ಟರಲ್ಲಿ ಎಂಜಿನ್ ನಿಮ್ಮ ಗುರುತು ದಾಟಿರುತ್ತದೆ. ಗುರುತಿಗೆ ಎರಡು ಡಬ್ಬಿ ಉದ್ದ ಇರುವಾಗ ಶುರು ಮಾಡಿ, ದಾಟಿದ ಮೇಲೆ ಬಿಡಿ.

ಒಂದು ಕಣ್ಣು ಕ್ಯಾಮೆರಾದಲ್ಲಿ ಇರುವಾಗ ಹೆಜ್ಜೆ ಇಡಬೇಡಿ. ಜಾಗ ಬದಲಿಸಬೇಕೆಂದರೆ ಕ್ಯಾಮೆರಾ ಇಳಿಸಿ, ನೋಡಿ, ನಡೆಯಿರಿ. ಒಂದು ಗಾಡಿ ಹೋಯಿತೆಂದು ಕೂಡಲೇ ಹಳಿ ದಾಟಬೇಡಿ. ಅದರ ಮರೆಯಲ್ಲಿ ಇನ್ನೊಂದು ಹಳಿಯಲ್ಲಿ ಎದುರು ಗಾಡಿ ಬರುತ್ತಿರಬಹುದು. ದಾಟುವುದಿದ್ದರೂ ಗೇಟು ತೆರೆದ ಮೇಲೆ ಗೇಟಿನಲ್ಲೇ.

ಕಡೇ ಡಬ್ಬಿಯವರೆಗೆ ಕಾಯಿರಿ. ಹಿಂದೆ ಸಾಗುವ ಗಾಡಿ, ಖಾಲಿಯಾಗುತ್ತ ಬರುವ ಸೇತುವೆ, ಕಡೇ ಡಬ್ಬಿಯ ಹಿಂದಿನ ಎಕ್ಸ್ ಗುರುತು. ಎಷ್ಟೋ ಸಲ ಎಂಜಿನ್ ಮುಖಕ್ಕಿಂತ ಅದೇ ಒಳ್ಳೆಯ ಫೋಟೊ.

8. ಮೊಬೈಲ್ ಮಾತ್ರ ಇದ್ದರೆ

ಚೆನ್ನಾಗಿಯೇ ಬರುತ್ತದೆ. ಲೆನ್ಸ್ ಒರೆಸಿ. ಬಿಸಿಲು ಬಿದ್ದ ಗರ್ಡರ್ ಮೇಲೆ ಬೆರಳು ಒತ್ತಿ ಹಿಡಿಯಿರಿ, ಫೋಕಸ್ ಮತ್ತು ಬೆಳಕು ಎರಡೂ ಅಲ್ಲೇ ನಿಲ್ಲುತ್ತವೆ. ಎಚ್‌ಡಿಆರ್ ಆಫ್ ಮಾಡಿ. ಅದು ಹಲವು ಫೋಟೊ ಸೇರಿಸಿ ಒಂದು ಮಾಡುವ ವಿಧಾನ, ಓಡುವ ಗಾಡಿಯಲ್ಲಿ ಡಬ್ಬಿಗೆ ಎರಡು ಅಂಚು ಬರುತ್ತದೆ. ಬೆರಳಿನಿಂದ ಎಳೆದು ಜೂಮ್ ಮಾಡುವ ಬದಲು ಅಗಲವಾಗಿಯೇ ತೆಗೆದು ಆಮೇಲೆ ಕತ್ತರಿಸಿ. ಕಿಟಕಿ, ಬಾಗಿಲಿನಿಂದ ಕೈ ಚಾಚಿ ಸೇತುವೆಯ ವೀಡಿಯೊ ತೆಗೆಯುವುದು ಬೇಡ. ಸೇತುವೆಯ ಕಂಬಿ ನಿಮ್ಮ ಕೈಗೆ ಎಷ್ಟು ಹತ್ತಿರ ಇದೆ ಎಂದು ಒಳಗಿನಿಂದ ತಿಳಿಯುವುದೇ ಇಲ್ಲ.

9. ಧೂಳು

ತೋರಣಗಲ್ಲು, ಸಂಡೂರು ಕಡೆಯ ಅದಿರಿನ ಧೂಳು ಮೈದಾ ಹಿಟ್ಟಿನಷ್ಟು ನಯ. ಗೂಡ್ಸ್ ಗಾಡಿ ಹೋದ ಮೇಲೆ ಎರಡು ಮೂರು ನಿಮಿಷ ಗಾಳಿಯಲ್ಲೇ ನಿಂತಿರುತ್ತದೆ. ಆ ಹೊತ್ತಿನಲ್ಲಿ ಲೆನ್ಸ್ ಬದಲಿಸಬೇಡಿ. ಒಳಗೆ ಹೋದರೆ ಪ್ರತಿ ಫೋಟೊದ ಆಕಾಶದಲ್ಲೂ ಒಂದು ಕಪ್ಪು ಚುಕ್ಕಿ. ಮನೆಗೆ ಬಂದು ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ, ಗಾಜಿಗೆ ಗೀರು ಬೀಳುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಬುರುಡೆ, ಆಮೇಲೆ ಬ್ರಷ್, ಕಡೆಗೆ ಬಟ್ಟೆ.

ಕಂಪ್ಯೂಟರಿನಲ್ಲಿ ತಿದ್ದುವಾಗ ಆ ಧೂಳಿನ ಕೆಂಪನ್ನು ತೊಳೆಯಬೇಡಿ ಎಂದು ನನ್ನ ಕೋರಿಕೆ. ಆಟೊ ಬಣ್ಣ ಕೊಟ್ಟರೆ ಸಾಫ್ಟ್‌ವೇರ್ ಅದನ್ನು ದೋಷವೆಂದು ತಿಳಿದು ನೀಲಿ ಸುರಿಯುತ್ತದೆ. ಬಿಸಿಲಿನ ಬಣ್ಣದ ಆಯ್ಕೆಗೆ (‘ಡೇಲೈಟ್’) ಇಟ್ಟುಬಿಡಿ. ಡಬ್ಬಿ, ಕಂಬ, ಜಾಲಿಗಿಡದ ಎಲೆ ಎಲ್ಲ ಕೆಂಪಾಗಿಯೇ ಇರಲಿ, ಅಲ್ಲಿ ಇರುವುದೇ ಹಾಗೆ. ಸರಿಮಾಡಲೇಬೇಕಾದ್ದು ಓರೆ. ಹೊಳೆಯ ನೀರಿನ ಗೆರೆ ಒಂದು ಡಿಗ್ರಿ ವಾಲಿದರೂ ನೀರು ಚೌಕಟ್ಟಿನಿಂದ ಹರಿದು ಹೋಗುವ ಹಾಗೆ ಕಾಣುತ್ತದೆ.

ಒಂದು ಸಣ್ಣ ನೋಟ್‌ಬುಕ್ ಬ್ಯಾಗಿನಲ್ಲಿರಲಿ. ತಾರೀಖು, ಗಾಡಿ ನಂಬರ್, ನಿಜವಾಗಿ ಸೇತುವೆಗೆ ಬಂದ ಹೊತ್ತು, ನೀವು ಯಾವ ದಡದಲ್ಲಿ ನಿಂತಿರಿ, ಬೆಳಕು ಎಲ್ಲಿಂದ ಬಿತ್ತು, ನೀರು ಎಷ್ಟಿತ್ತು ಬರೆದಿಡಿ. ಡಿಸೆಂಬರಿನಲ್ಲಿ ಒಂದು ಸಲ, ಜೂನಿನಲ್ಲಿ ಒಂದು ಸಲ, ಡ್ಯಾಮ್ ತುಂಬಿದಾಗ ಒಂದು ಸಲ ಅದೇ ಜಾಗಕ್ಕೆ ಹೋಗಿ ಬನ್ನಿ. ನಿಮ್ಮ ಸೇತುವೆಯ ಪೂರ್ತಿ ಲೆಕ್ಕ ಆ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ.